ಸಹಿ ಹಾಕುವ ಮೊದಲು: ಊರಿನ ಟ್ರಸ್ಟುಗಳ ವಿಶ್ವಸ್ತರು ಕೇಳಿದ ಪ್ರಶ್ನೆಗಳು

ಕಳೆದ ಕೆಲವು ತಿಂಗಳಲ್ಲಿ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ, ಸಣ್ಣ ಊರುಗಳ ಧರ್ಮಾರ್ಥ ಸಂಸ್ಥೆಗಳಲ್ಲಿ ಒಂದು ಪೈಸೆ ಸಂಬಳವಿಲ್ಲದೆ ದುಡಿಯುತ್ತಿರುವ ವಿಶ್ವಸ್ತರ (ಟ್ರಸ್ಟಿಗಳ) ಪತ್ರಗಳೇ ಹೆಚ್ಚಾಗಿದ್ದವು. ಆದ್ದರಿಂದ ಈ ಸಂಚಿಕೆಯ ಪುಟಗಳನ್ನು ಪೂರ್ತಿಯಾಗಿ ಅವರಿಗೇ ಮೀಸಲಿಟ್ಟಿದ್ದೇನೆ. ಎಲ್ಲರೂ ಎಲ್ಲರನ್ನೂ ಬಲ್ಲ ಊರುಗಳಾದ್ದರಿಂದ ಬರೆದವರ ಹೆಸರನ್ನು ಬಿಟ್ಟು ಊರಿನ ಹೆಸರನ್ನು ಮಾತ್ರ ಉಳಿಸಿಕೊಂಡಿದ್ದೇನೆ. ನಾನೂ ಬೆಳಗಾವಿ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಬಡ ವಿದ್ಯಾರ್ಥಿಗಳ ಪ್ರಸಾದ ನಿಲಯವೊಂದರ ವಿಶ್ವಸ್ತನಾಗಿ ಬಹಳ ವರ್ಷ ಇದ್ದವನು. ಕೆಳಗಿನ ಉತ್ತರಗಳಲ್ಲಿ ಕಾನೂನಿನ ಮಾತಿನ ಜೊತೆಗೆ ಆ ಅನುಭವದ ಮಾತೂ ಸೇರಿದೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ನಮ್ಮ ಊರಿನಲ್ಲಿ ಆಸ್ಪತ್ರೆಯ ರೋಗಿಗಳ ಜೊತೆಗೆ ಬರುವವರಿಗೆ ಮಧ್ಯಾಹ್ನದ ಊಟ ಕೊಡುವ, ವರ್ಷಕ್ಕೊಮ್ಮೆ ಬಡ ಹೆಣ್ಣುಮಕ್ಕಳ ಶಾಲೆಯ ಶುಲ್ಕ ಕಟ್ಟುವ ಒಂದು ಸಣ್ಣ ಟ್ರಸ್ಟ್ ಇದೆ. ಹಿರಿಯ ವಿಶ್ವಸ್ತರೊಬ್ಬರು ತೀರಿಕೊಂಡಿದ್ದರಿಂದ ಅವರ ಜಾಗಕ್ಕೆ ನನ್ನನ್ನು ಕರೆಯುತ್ತಿದ್ದಾರೆ. "ಅಕ್ಕೋರ, ನೀವು ಬರೇ ಹೆಸರಿಗೆ ಇರ್ರಿ, ಕೆಲಸಾ ಎಲ್ಲಾ ನಾವು ನೋಡ್ಕೋತೀವಿ" ಎನ್ನುತ್ತಾರೆ. ಒಪ್ಪಿಕೊಳ್ಳಲೇ?
— ಜಮಖಂಡಿ

ಉತ್ತರ: ಅವರು ಪ್ರೀತಿಯಿಂದಲೇ ಹಾಗೆ ಹೇಳಿರಬಹುದು. ಆದರೆ ಹೆಸರಿಗೆ ಮಾತ್ರ ಇರುವ ವಿಶ್ವಸ್ತರೆಂಬ ವರ್ಗ ಕಾನೂನಿನಲ್ಲಿ ಇಲ್ಲ. ನೀವು ಒಪ್ಪಿ ಸಹಿ ಹಾಕಿದ ದಿನದಿಂದ ಆ ಸಂಸ್ಥೆಯ ಹಣಕ್ಕೂ ಆಸ್ತಿಗೂ ಉಳಿದವರಷ್ಟೇ ನೀವೂ ಹೊಣೆಯಾಗುತ್ತೀರಿ. 1882ರ ಭಾರತೀಯ ಟ್ರಸ್ಟ್ ಕಾಯ್ದೆಯು ಖಾಸಗಿ ಟ್ರಸ್ಟುಗಳಿಗಾಗಿ ಆದದ್ದು, ಸಾರ್ವಜನಿಕ ಧರ್ಮಾರ್ಥ ಸಂಸ್ಥೆಗಳನ್ನು ಅದರ ಮೊದಲ ಕಲಮೇ ಹೊರಗಿಡುತ್ತದೆ ಎಂಬುದು ನಿಜ. ಆದರೂ ಸಾರ್ವಜನಿಕ ಟ್ರಸ್ಟಿನ ವಿಶ್ವಸ್ತರ ನಡತೆಯನ್ನು ಅಳೆಯುವಾಗ ನ್ಯಾಯಾಲಯಗಳು ಆ ಕಾಯ್ದೆಯ ತತ್ವಗಳನ್ನೇ ಅಳತೆಗೋಲಾಗಿ ಬಳಸುತ್ತ ಬಂದಿವೆ. ಅದರ 15ನೇ ಕಲಮಿನ ಪ್ರಕಾರ, ಸಾಮಾನ್ಯ ವಿವೇಕವುಳ್ಳ ಮನುಷ್ಯನು ತನ್ನ ಸ್ವಂತ ಆಸ್ತಿಯನ್ನು ಎಷ್ಟು ಜತನದಿಂದ ನೋಡಿಕೊಳ್ಳುತ್ತಾನೋ ಅಷ್ಟೇ ಜತನದಿಂದ ಟ್ರಸ್ಟಿನ ಆಸ್ತಿಯನ್ನು ನೋಡಿಕೊಳ್ಳಬೇಕು. 46ನೇ ಕಲಮಿನ ಪ್ರಕಾರ, ಒಮ್ಮೆ ಒಪ್ಪಿಕೊಂಡ ಹೊಣೆಯನ್ನು ಮನಸ್ಸು ಬಂದಾಗ ಕೆಳಗಿಡಲು ಬರುವುದಿಲ್ಲ. ಟ್ರಸ್ಟ್ ಡೀಡಿನಲ್ಲಿ, ಅಂದರೆ ಟ್ರಸ್ಟನ್ನು ಕಟ್ಟುವಾಗ ಬರೆದ ಮೂಲ ಪತ್ರದಲ್ಲಿ, ಅದಕ್ಕೆ ಅವಕಾಶವಿರಬೇಕು, ಇಲ್ಲವೇ ನ್ಯಾಯಾಲಯದ ಅನುಮತಿ ಬೇಕು. ಒಳಗೆ ಬರುವುದು ಸುಲಭ, ಹೊರಗೆ ಹೋಗುವ ದಾರಿ ಎಲ್ಲಿದೆ ಎಂಬುದನ್ನು ಒಪ್ಪುವ ಮೊದಲೇ ಡೀಡಿನಲ್ಲಿ ಓದಿಕೊಳ್ಳಿ.

ಆದ್ದರಿಂದ ಮೊದಲು ಟ್ರಸ್ಟ್ ಡೀಡಿನ ಪ್ರತಿಯನ್ನು ಕೇಳಿ ಪಡೆಯಿರಿ. ಉದ್ದೇಶಗಳು ಏನೆಂದು ಬರೆದಿವೆ, ವಿಶ್ವಸ್ತರು ಎಷ್ಟು ಜನ ಇರಬೇಕು, ಹೊಸಬರನ್ನು ಯಾರು ನೇಮಿಸಬೇಕು, ಸಭೆಯ ಕೋರಂ (ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ) ಎಷ್ಟು ಎಂಬುದನ್ನು ನಿಧಾನವಾಗಿ ನೋಡಿ. ನಮ್ಮ ಕಡೆಯ ಹಳೆಯ ಟ್ರಸ್ಟುಗಳ ಕಾಗದಪತ್ರಗಳಲ್ಲಿ 1950ರ ಮುಂಬಯಿ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ ಕೆಳಗಿನ ನೋಂದಣಿ ಸಂಖ್ಯೆ ಕಾಣಿಸಬಹುದು. ಬೆಳಗಾವಿ ಮತ್ತು ಅಂದಿನ ಅಖಂಡ ಬಿಜಾಪುರ ಜಿಲ್ಲೆಗಳು 1956ರ ತನಕ ಮುಂಬಯಿ ರಾಜ್ಯದಲ್ಲಿದ್ದುದರ ಗುರುತು ಅದು, ಗಾಬರಿಯಾಗಬೇಕಾಗಿಲ್ಲ. ಆದರೆ ಆ ಹಳೆಯ ಹಾಳೆಯಲ್ಲಿರುವ ವಿಶ್ವಸ್ತರ ಹೆಸರುಗಳಿಂದ ಇಂದಿನವರ ತನಕ ಒಬ್ಬರಾದ ಮೇಲೆ ಒಬ್ಬರು ಬಂದುದಕ್ಕೆ ಠರಾವುಗಳು ಇವೆಯೇ ಎಂದು ಕೇಳಲೇಬೇಕು, ಏಕೆಂದರೆ ನಡುವೆ ಒಂದು ಕೊಂಡಿ ತಪ್ಪಿದ್ದರೆ ನಿಮ್ಮ ನೇಮಕವೂ ಪ್ರಶ್ನೆಗೆ ಒಳಗಾಗುತ್ತದೆ. ಬಳಿಕ ಮೂರು ವರ್ಷದ ಆಡಿಟ್ ಆದ ಲೆಕ್ಕ, ಬ್ಯಾಂಕ್ ಪಾಸ್‌ಬುಕ್ ಮತ್ತು ನಡಾವಳಿ ಪುಸ್ತಕವನ್ನು ಕೇಳಿ. ಕೇಳಿದಾಗ ಅವರ ಮುಖ ಬದಲಾಯಿಸಿದರೆ ನಿಮ್ಮ ಪ್ರಶ್ನೆಗೆ ಅಲ್ಲಿಯೇ ಉತ್ತರ ಸಿಕ್ಕಿತು.

ಕಾಗದಗಳು ಸರಿಯಿದ್ದರೆ ದಯವಿಟ್ಟು ಒಪ್ಪಿಕೊಳ್ಳಿ, ಆದರೆ ಕೆಲಸ ಮಾಡುವ ವಿಶ್ವಸ್ತೆಯಾಗಿ ಒಪ್ಪಿಕೊಳ್ಳಿ. ಯಾವುದಾದರೂ ಒಂದು ದಿನ, ಮುಂಚಿತವಾಗಿ ತಿಳಿಸದೆ, ಊಟದ ಹೊತ್ತಿಗೆ ಹೋಗಿ, ಎಷ್ಟು ಜನ ಕೂತಿದ್ದಾರೆ, ಎಷ್ಟು ತಾಟು ತೊಳೆಯಲು ಬಿದ್ದಿವೆ ಎಂದು ಎಣಿಸಿ, ಆ ವಾರದ ಕಿರಾಣಿ ಬಿಲ್ಲಿನ ಜೊತೆ ಇಟ್ಟು ನೋಡಿ. ಒಂದು ಕಿಲೋ ಜೋಳದ ಹಿಟ್ಟಿಗೆ ಎಷ್ಟು ರೊಟ್ಟಿ ಆಗುತ್ತವೆ ಎಂಬುದು ನಿಮಗೆ ಗೊತ್ತು, ಲೆಕ್ಕಪರಿಶೋಧಕರಿಗೆ ಗೊತ್ತಿರುವುದಿಲ್ಲ. ಇಂಥ ತಿಳಿವಳಿಕೆಯುಳ್ಳ ಹೆಣ್ಣುಮಕ್ಕಳು ನಮ್ಮ ಟ್ರಸ್ಟುಗಳ ಸಭೆಗಳಲ್ಲಿ ಕೂತಿಲ್ಲದಿರುವುದು ದೊಡ್ಡ ಕೊರತೆ ಎಂದು ನಾನು ನಂಬಿದ್ದೇನೆ.

ಪ್ರಶ್ನೆ: ನಾನು ನಮ್ಮ ಟ್ರಸ್ಟಿನ ಖಜಾಂಚಿ. ಅಧ್ಯಕ್ಷರದು ಮತ್ತು ನನ್ನದು ಕೂಡಿಯೇ ಚೆಕ್ಕಿಗೆ ಸಹಿ ಬೀಳಬೇಕು. ಅಧ್ಯಕ್ಷರು ವ್ಯಾಪಾರದ ಕೆಲಸಕ್ಕೆ ತಿಂಗಳಲ್ಲಿ ಅರ್ಧದಷ್ಟು ದಿನ ಹೊರಗೇ ಇರುತ್ತಾರೆ. ಅವರು ಬರೀ ಸಹಿ ಹಾಕಿದ ಹತ್ತು ಖಾಲಿ ಚೆಕ್ಕುಗಳನ್ನು ನನ್ನ ಕೈಗೆ ಕೊಟ್ಟು ಹೋಗುತ್ತಾರೆ, ಕೆಲವು ಸಲ ನನ್ನ ಸಹಿಯನ್ನೂ ಹಾಗೆಯೇ ಪಡೆದುಕೊಳ್ಳುತ್ತಾರೆ. ಇಬ್ಬರಲ್ಲೂ ಕೆಟ್ಟ ಭಾವನೆ ಇಲ್ಲ. ಇದು ತಪ್ಪೇ?
— ಬೈಲಹೊಂಗಲ

ಉತ್ತರ: ತಪ್ಪು. ಭಾವನೆ ಒಳ್ಳೆಯದಿದ್ದಾಗಲೂ ತಪ್ಪು. ಈ ತಪ್ಪನ್ನು ನಾನೇ ಮಾಡಿದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಮ್ಮ ಪ್ರಸಾದ ನಿಲಯದಲ್ಲಿಯೂ ಇದೇ ಪದ್ಧತಿ ಇತ್ತು. ಮೇಜಿನ ಎಡ ಖಾನೆಯಲ್ಲಿ ಚೆಕ್ ಪುಸ್ತಕ, ಅದರಲ್ಲಿ ಮುಂದಿನ ಎಂಟೋ ಹತ್ತೋ ಹಾಳೆಗಳ ಮೇಲೆ ನನ್ನ ಸಹಿ. ಒಂದು ವರ್ಷ ಲೆಕ್ಕ ಮುಗಿಸುವಾಗ ಒಂದು ಚೆಕ್ಕಿನ ಎಡಗಡೆಯ ತುಂಡು ಖಾಲಿಯಾಗಿತ್ತು. ತಾರೀಖು ಇಲ್ಲ, ಮೊತ್ತ ಇಲ್ಲ, ಯಾರಿಗೆ ಕೊಟ್ಟದ್ದೆಂದೂ ಇಲ್ಲ. ಬ್ಯಾಂಕಿನ ಖಾತೆಯಲ್ಲಿ ಮಾತ್ರ ಹಣ ಹೋಗಿತ್ತು. ಮೂರು ವಾರ ಹುಡುಕಿದ ಮೇಲೆ, ಅಕ್ಕಿಯ ಅಂಗಡಿಯವರಿಗೆ ಒಂದೇ ಬಿಲ್ಲಿಗೆ ಎರಡು ಸಲ ಹಣ ಸಂದಾಯವಾದದ್ದು ತಿಳಿಯಿತು. ಅವರು ಪ್ರಾಮಾಣಿಕರು, ತಮ್ಮ ಖತಾವಣಿ ತೆಗೆದು ತೋರಿಸಿ ಮರುದಿನವೇ ಹಣ ಮರಳಿಸಿದರು. ಆದರೆ ಆ ಮೂರು ವಾರ ಊರಿನಲ್ಲಿ ನಮ್ಮ ಅಡುಗೆಯವನ ಮೇಲೆ ಸಂಶಯದ ಮಾತು ಹರಡಿತ್ತು. ಅವನು ಒಂದು ಕಾಳನ್ನೂ ಮುಟ್ಟಿದವನಲ್ಲ. ಹಣ ಬಂದ ಮೇಲೂ ಅವನು ಮೊದಲಿನಂತೆ ನಮ್ಮ ಮುಖ ನೋಡಿ ಮಾತನಾಡಲಿಲ್ಲ, ಆ ದೀಪಾವಳಿಗೆ ಊರಿಗೆ ಹೋದವನು ತಿರುಗಿ ಬರಲಿಲ್ಲ. ನನ್ನ ಸೋಮಾರಿತನದ ಸಹಿಗೆ ಅವನು ಬೆಲೆ ತೆತ್ತನು. ಈ ಮಾತು ಇಂದಿಗೂ ನನ್ನನ್ನು ಬಾಧಿಸುತ್ತದೆ.

ಕಾನೂನಿನ ಮಾತು ಹೀಗಿದೆ. ಟ್ರಸ್ಟ್ ಡೀಡಿನಲ್ಲಿ ಬೇರೆ ರೀತಿ ಹೇಳದಿದ್ದರೆ ವಿಶ್ವಸ್ತರೆಲ್ಲರೂ ಕೂಡಿಯೇ ಕೆಲಸ ಮಾಡಬೇಕು ಮತ್ತು ತಮ್ಮ ವಿವೇಚನೆಯನ್ನು ಇನ್ನೊಬ್ಬರಿಗೆ ವಹಿಸಿಕೊಡುವಂತಿಲ್ಲ. ಒಬ್ಬ ವಿಶ್ವಸ್ತ ಮಾಡಿದ ತಪ್ಪಿಗೆ ಇನ್ನೊಬ್ಬನು ಸಾಮಾನ್ಯವಾಗಿ ಹೊಣೆಯಲ್ಲ, ಆದರೆ 1882ರ ಕಾಯ್ದೆಯ 26ನೇ ಕಲಮು ಮೂರು ಸಂದರ್ಭಗಳನ್ನು ಹೊರತುಪಡಿಸುತ್ತದೆ: ಹಣವನ್ನು ಸಹ ವಿಶ್ವಸ್ತನ ಕೈಗೆ ಕೊಟ್ಟು ಅದು ಸರಿಯಾಗಿ ಬಳಕೆಯಾಯಿತೇ ಎಂದು ನೋಡದೆ ಬಿಟ್ಟಾಗ, ಅವನು ಹಣ ಪಡೆದುದನ್ನು ವಿಚಾರಿಸದೆ ಅಥವಾ ಬೇಕಾದುದಕ್ಕಿಂತ ಹೆಚ್ಚು ಕಾಲ ಅವನಲ್ಲೇ ಉಳಿಯಲು ಬಿಟ್ಟಾಗ, ಮತ್ತು ತಪ್ಪು ನಡೆದದ್ದು ಗೊತ್ತಾದ ಮೇಲೂ ಮುಚ್ಚಿಟ್ಟಾಗ ಅಥವಾ ಸುಮ್ಮನೆ ಕೂತಾಗ. ಖಾಲಿ ಚೆಕ್ಕಿಗೆ ಹಾಕಿದ ಸಹಿ ಮೊದಲನೆಯ ಸಂದರ್ಭಕ್ಕೆ ಸರಿಯಾಗಿ ಹೊಂದುತ್ತದೆ. ಒಬ್ಬನ ಅಲಕ್ಷ್ಯದಿಂದಾಗಿ ಇನ್ನೊಬ್ಬನಿಗೆ ತಪ್ಪು ಮಾಡಲು ಅನುವಾದರೆ, ಇಡೀ ನಷ್ಟವನ್ನು ಇಬ್ಬರಲ್ಲಿ ಯಾರಿಂದಲಾದರೂ ವಸೂಲು ಮಾಡಬಹುದು ಎನ್ನುತ್ತದೆ ಮುಂದಿನ ಕಲಮು. ಬೇಕೆಂತಲೇ ಹಣ ಲಪಟಾಯಿಸಿದರೆ ಅದು ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿನ ನಂಬಿಕೆದ್ರೋಹದ ಅಪರಾಧವಾಗುತ್ತದೆ.

ಪರಿಹಾರ ಕಷ್ಟದ್ದಲ್ಲ. ಒಂದು ಠರಾವು ಮಾಡಿ ಮೂರನೆಯವರೊಬ್ಬರಿಗೆ ಸಹಿಯ ಅಧಿಕಾರ ಕೊಡಿ, ಮೂವರಲ್ಲಿ ಯಾವ ಇಬ್ಬರಾದರೂ ಸಹಿ ಮಾಡಬಹುದೆಂದು ಬ್ಯಾಂಕಿಗೆ ಬರೆದುಕೊಡಿ. ಅಧ್ಯಕ್ಷರು ಊರಿಗೆ ಬರುವ ತನಕ ಕೆಲಸ ನಿಲ್ಲುವುದಿಲ್ಲ. ಬಿಲ್ಲನ್ನೂ ವೋಚರನ್ನೂ ಪಿನ್ನು ಹಾಕಿ ಎದುರಿಗಿಟ್ಟುಕೊಂಡ ಮೇಲೆಯೇ ಸಹಿ ಹಾಕಿ, ಸಂದಾಯವಾದ ಬಿಲ್ಲಿನ ಮೇಲೆ ಚೆಕ್ಕಿನ ಸಂಖ್ಯೆಯನ್ನು ಕೆಂಪು ಶಾಯಿಯಲ್ಲಿ ಬರೆದು ಅಡ್ಡಗೆರೆ ಎಳೆಯಿರಿ. ಆ ಅಡ್ಡಗೆರೆ ನಮ್ಮಲ್ಲಿ ಇದ್ದಿದ್ದರೆ ಆ ಹುಡುಗ ಇಂದಿಗೂ ನಮ್ಮ ಅಡುಗೆಮನೆಯಲ್ಲಿ ಇರುತ್ತಿದ್ದ. ಒಬ್ಬರಿಗೆ ಒಂದು ದಿನಕ್ಕೆ 10,000 ರೂಪಾಯಿಗಿಂತ ಹೆಚ್ಚು ಹಣವನ್ನು ರೋಖಿನಲ್ಲಿ ಕೊಟ್ಟರೆ ಆದಾಯ ತೆರಿಗೆಯ ಲೆಕ್ಕದಲ್ಲಿ ಅದನ್ನು ಧರ್ಮಾರ್ಥ ಖರ್ಚೆಂದು ಹಿಡಿಯುವುದಿಲ್ಲ ಎಂಬುದನ್ನೂ ನೆನಪಿಡಿ.

ಪ್ರಶ್ನೆ: ಟ್ರಸ್ಟಿನ ಕೆಲಸಕ್ಕೆ ಬೆಳಗಾವಿಗೆ ಹೋಗಿಬಂದರೆ ಬಸ್ಸಿನ ಖರ್ಚು ತೆಗೆದುಕೊಳ್ಳಬಹುದೇ? ತೆಗೆದುಕೊಂಡರೆ ಸೇವೆ ಎನಿಸಿಕೊಳ್ಳುತ್ತದೆಯೇ?
— ಸವದತ್ತಿ

ಉತ್ತರ: ತೆಗೆದುಕೊಳ್ಳಬಹುದು. ಡೀಡಿನಲ್ಲಿ ಹೇಳದಿದ್ದರೆ ವಿಶ್ವಸ್ತರಿಗೆ ಸಂಬಳ ಪಡೆಯುವ ಹಕ್ಕಿಲ್ಲ, ಆದರೆ ಕೈಯಿಂದ ಹಾಕಿದ ನಿಜವಾದ ಖರ್ಚನ್ನು ಮರಳಿ ಪಡೆಯುವ ಹಕ್ಕಿದೆ. ಟಿಕೆಟ್ಟನ್ನು ವೋಚರಿಗೆ ಅಂಟಿಸಿರಿ. ಇಂಥ ಖರ್ಚನ್ನು ಕೊಡದೆ ಇದ್ದರೆ ಉಳ್ಳವರು ಮಾತ್ರ ವಿಶ್ವಸ್ತರಾಗಿ ಉಳಿಯುತ್ತಾರೆ, ಅದು ಊರಿಗೆ ಒಳ್ಳೆಯದಲ್ಲ.

ಪ್ರಶ್ನೆ: 2019ರ ಆಗಸ್ಟಿನಲ್ಲಿ ನೆರೆ ಬಂದಾಗ ಮಲಪ್ರಭೆಯ ದಂಡೆಯ ಹಳ್ಳಿಗಳಿಗೆಂದು ನಮ್ಮ ಟ್ರಸ್ಟಿನವರು ಅಂಗಡಿ ಅಂಗಡಿ ತಿರುಗಿ ಪಟ್ಟಿ ಎತ್ತಿದ್ದೆವು. ಹಾಸಿಗೆ, ಪಾತ್ರೆ, ಕಾಳು ಹಂಚಿದ ಮೇಲೂ ಸ್ವಲ್ಪ ಹಣ ಉಳಿಯಿತು. ಅದು ಈಗ ಬಡ್ಡಿ ಸೇರಿ ಬೆಳೆದಿದೆ. ನಮ್ಮ ಸಮುದಾಯ ಭವನದ ಮೇಲ್ಛಾವಣಿ ಅರ್ಧಕ್ಕೆ ನಿಂತಿದೆ. ಅದಕ್ಕೆ ಬಳಸಬಹುದೇ?
— ಗುಳೇದಗುಡ್ಡ

ಉತ್ತರ: ಬಳಸಬಾರದು. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ನುಗ್ಗಿದ ಆ ದಿನಗಳಲ್ಲಿ, ಮಗ್ಗ ನಡೆಸುವವರೂ ಕುಪ್ಪಸದ ಖಣದ ವ್ಯಾಪಾರಿಗಳೂ ನಿಮಗೆ ಹಣ ಕೊಟ್ಟಾಗ ಅವರ ಕಣ್ಣ ಮುಂದೆ ಇದ್ದದ್ದು ಮನೆ ಕಳೆದುಕೊಂಡವರು, ನಿಮ್ಮ ಭವನದ ಮೇಲ್ಛಾವಣಿಯಲ್ಲ. ಒಂದು ಉದ್ದೇಶ ಹೇಳಿ ಎತ್ತಿದ ಹಣಕ್ಕೆ ಆ ಉದ್ದೇಶವೇ ಒಡೆಯ. ನಿಮ್ಮ ಟ್ರಸ್ಟಿನ ಡೀಡಿನಲ್ಲಿ ಭವನ ಕಟ್ಟುವುದೂ ಒಂದು ಉದ್ದೇಶವಾಗಿದ್ದರೂ ಈ ಹಣ ಅದಕ್ಕೆ ಸಲ್ಲುವುದಿಲ್ಲ.

ಮಾಡಬೇಕಾದದ್ದು ಇಷ್ಟು. ಉಳಿದ ಹಣವನ್ನೂ ಅದರ ಬಡ್ಡಿಯನ್ನೂ ಲೆಕ್ಕದಲ್ಲಿ ಬೇರೆ ನಿಧಿಯಾಗಿ ತೋರಿಸಿ. ಅದೇ ಹಳ್ಳಿಗಳಲ್ಲಿ ನೆರೆಯ ಪೆಟ್ಟು ಇನ್ನೂ ವಾಸಿಯಾಗದ ಮನೆಗಳಿವೆಯೇ ಎಂದು ಹೋಗಿ ವಿಚಾರಿಸಿ. ಹೊಸ ನೆಲೆಗೆ ಸ್ಥಳಾಂತರಗೊಂಡ ಕುಟುಂಬಗಳ ಮಕ್ಕಳ ಓದು, ಬಿದ್ದ ಗೋಡೆ ಎಬ್ಬಿಸಲಾಗದ ವಿಧವೆಯ ಮನೆ ಇವೆಲ್ಲ ಆ ಉದ್ದೇಶದ ಒಳಗೇ ಬರುತ್ತವೆ. ಮುಂದಿನ ನೆರೆಗೆಂದು ಕಾದಿಡುವುದಾದರೂ ಠರಾವು ಮಾಡಿ ಇಡಿ. ಕೊಟ್ಟವರ ಪಟ್ಟಿ ನಿಮ್ಮಲ್ಲಿದ್ದರೆ ಅವರಿಗೆ ಲೆಕ್ಕ ಒಪ್ಪಿಸಿ, ಅವರ ಅಭಿಪ್ರಾಯವನ್ನೂ ಬರೆದು ಪಡೆಯಿರಿ. ಮೂಲ ಉದ್ದೇಶ ಪೂರ್ತಿಯಾಗಿ ಮುಗಿದುಹೋಗಿ ಹಣಕ್ಕೆ ದಾರಿಯೇ ಇಲ್ಲದಂತಾದಾಗ, ಅದಕ್ಕೆ ಸಮೀಪದ ಇನ್ನೊಂದು ಉದ್ದೇಶಕ್ಕೆ ಬಳಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನ ಕೆಳಗೆ ನ್ಯಾಯಾಲಯವು ಅನುಮತಿ ಕೊಡಬಹುದು. ಆ ನಿರ್ಧಾರ ನ್ಯಾಯಾಲಯದ್ದು, ವಿಶ್ವಸ್ತರ ಸಭೆಯದ್ದಲ್ಲ.

ನಮ್ಮ ನಾಡಿನಲ್ಲಿ ಇದರ ಬೆಲೆ ತಿಳಿದವರಿದ್ದರು. ಸವದತ್ತಿ ಸೀಮೆಯ ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮೊದಲು ತಮ್ಮ ಆಸ್ತಿಯನ್ನು ಮಕ್ಕಳ ಓದಿಗೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟುಹೋದರು. ಓದಿಗೆ ಎಂಬ ಆ ಮಾತು ಸ್ಪಷ್ಟವಾಗಿದ್ದುದರಿಂದಲೇ ಅವರ ಕಾಲವಾದ ಮೇಲೂ ಆ ಆಸ್ತಿ ವಿದ್ಯಾರ್ಥಿಗಳಿಗೆ ದಕ್ಕಿತು.

ಪ್ರಶ್ನೆ: ನಮ್ಮ ಟ್ರಸ್ಟಿನ 8 ಲಕ್ಷ ರೂಪಾಯಿಯನ್ನು ರಾಷ್ಟ್ರೀಕೃತ ಬ್ಯಾಂಕಿನಿಂದ ತೆಗೆದು ಊರಿನ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಠೇವಣಿ ಇಡಬೇಕೆಂದು ಸಭೆಯಲ್ಲಿ ಮಾತು ಬಂದಿದೆ. ಬಡ್ಡಿ ಎರಡು ಪ್ರತಿಶತ ಹೆಚ್ಚು. ನಮ್ಮ ವಿಶ್ವಸ್ತರಲ್ಲೊಬ್ಬರು ಆ ಸಂಘದ ನಿರ್ದೇಶಕರು. ಹಣ ಹೆಚ್ಚು ಬಂದರೆ ಬಡವರಿಗೇ ಅಲ್ಲವೇ ಲಾಭ?
— ಇಂಡಿ

ಉತ್ತರ: ಬೆಳಗಾವಿ, ವಿಜಯಪುರ, ಬಾಗಲಕೋಟೆ ಈ ನಮ್ಮ ಮೂರೂ ಜಿಲ್ಲೆಗಳಲ್ಲಿ ಪತ್ತಿನ ಸಂಘಗಳು ಜನರಿಗೆ ಬಹಳ ಉಪಕಾರ ಮಾಡಿವೆ. ಆದರೆ ನಿಮ್ಮ ಮುಂದಿರುವ ಪ್ರಶ್ನೆ ಆ ಸಂಘ ಒಳ್ಳೆಯದೋ ಕೆಟ್ಟದೋ ಎಂಬುದಲ್ಲ. ತೆರಿಗೆ ವಿನಾಯಿತಿ ಪಡೆದ ಧರ್ಮಾರ್ಥ ಟ್ರಸ್ಟು ತನ್ನ ಹಣವನ್ನು ಎಲ್ಲೆಲ್ಲಿ ತೊಡಗಿಸಬಹುದು ಎಂಬುದನ್ನು ಆದಾಯ ತೆರಿಗೆ ಕಾನೂನು ಹೆಸರಿಸಿ ಹೇಳಿದೆ: ಅಂಚೆ ಕಚೇರಿಯ ಉಳಿತಾಯ, ಸರ್ಕಾರದ ಸಾಲಪತ್ರ, ಅನುಸೂಚಿತ ಬ್ಯಾಂಕು (ರಿಸರ್ವ್ ಬ್ಯಾಂಕಿನ ಪಟ್ಟಿಯಲ್ಲಿರುವ ಬ್ಯಾಂಕು), ಬ್ಯಾಂಕಿಂಗ್ ವ್ಯವಹಾರ ನಡೆಸುವ ಸಹಕಾರಿ ಸಂಸ್ಥೆ ಮುಂತಾದವು. ಸದಸ್ಯರಲ್ಲಿ ಠೇವಣಿ ಪಡೆದು ಸದಸ್ಯರಿಗೇ ಸಾಲ ಕೊಡುವ, ರಿಸರ್ವ್ ಬ್ಯಾಂಕಿನ ಪರವಾನಗಿ ಇಲ್ಲದ ಪತ್ತಿನ ಸಂಘ ಆ ಅರ್ಥದಲ್ಲಿ ಬ್ಯಾಂಕಲ್ಲ. ಅಲ್ಲಿ ಹಣ ಇಟ್ಟರೆ ನಿಮ್ಮ ಟ್ರಸ್ಟಿನ ತೆರಿಗೆ ವಿನಾಯಿತಿಗೇ ಕುತ್ತು ಬರಬಹುದು, ಆಗ ಎರಡು ಪ್ರತಿಶತದ ಹೆಚ್ಚಿನ ಬಡ್ಡಿಯ ಹಲವು ಪಟ್ಟು ಕೈಬಿಟ್ಟು ಹೋಗುತ್ತದೆ.

ಇನ್ನೊಂದು ಮಾತು ಠೇವಣಿಯ ವಿಮೆಯದು. ಬ್ಯಾಂಕು ಮುಳುಗಿದರೆ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿಯ ತನಕ ವಿಮೆಯ ರಕ್ಷಣೆಯಿದೆ. 2020ಕ್ಕೆ ಮೊದಲು ಅದು 1 ಲಕ್ಷವಿತ್ತು. ಪತ್ತಿನ ಸಂಘಗಳ ಠೇವಣಿಗೆ ಈ ವಿಮೆ ಇಲ್ಲ. ನಿಮ್ಮ ಸ್ವಂತ ಹಣವಾದರೆ ಆ ಅಪಾಯವನ್ನು ನೀವು ಮೈಮೇಲೆ ಎಳೆದುಕೊಳ್ಳಬಹುದು, ಇನ್ನೊಬ್ಬರ ಮಗುವಿನ ಶಾಲೆಯ ಶುಲ್ಕವನ್ನು ಆ ಅಪಾಯಕ್ಕೆ ಒಡ್ಡುವ ಅಧಿಕಾರ ನಿಮಗಿಲ್ಲ.

ನಿರ್ದೇಶಕರಾದ ವಿಶ್ವಸ್ತರ ಬಗ್ಗೆ ಹೇಳುವುದಾದರೆ, ಅವರು ಆ ವಿಷಯ ಚರ್ಚೆಗೆ ಬಂದಾಗ ತಮ್ಮ ಸಂಬಂಧವನ್ನು ಬಾಯಿಬಿಟ್ಟು ಹೇಳಿ, ನಡಾವಳಿಯಲ್ಲಿ ಬರೆಯಿಸಿ, ಚರ್ಚೆಯಿಂದಲೂ ಮತದಿಂದಲೂ ಹೊರಗುಳಿಯಬೇಕು. ಅವರು ಎದ್ದು ಪಕ್ಕದ ಕೋಣೆಗೆ ಹೋಗಿ ಚಹಾ ಕುಡಿದು ಬಂದರೆ ಅವರ ಮಾನಕ್ಕೆ ಏನೂ ಕುಂದಿಲ್ಲ. ಅವರು ಕೂತೇ ಇದ್ದರೆ ಉಳಿದವರು ದಾಕ್ಷಿಣ್ಯಕ್ಕೆ ಹೂಂ ಎನ್ನುತ್ತಾರೆ.

ಪ್ರಶ್ನೆ: ಟ್ರಸ್ಟಿನ ಮೂರು ಮಳಿಗೆಗಳಿವೆ. ಒಂದರಲ್ಲಿ ನಮ್ಮ ಕಾರ್ಯದರ್ಶಿಯ ತಮ್ಮ ಅಂಗಡಿ ಇಟ್ಟಿದ್ದಾರೆ. ಪಕ್ಕದ ಮಳಿಗೆಯ ಅರ್ಧ ಬಾಡಿಗೆಯನ್ನು ಮಾತ್ರ ಕೊಡುತ್ತಾರೆ. ಮನೆಯವರಂತೆ ಇರುವವರಲ್ಲಿ ಇದನ್ನು ಹೇಗೆ ಎತ್ತುವುದು?
— ಅಥಣಿ

ಉತ್ತರ: ವಿಶ್ವಸ್ತರ ಹತ್ತಿರದ ಸಂಬಂಧಿಕರಿಗೆ ಪೇಟೆಯ ದರಕ್ಕಿಂತ ಕಡಿಮೆ ಬಾಡಿಗೆಯಲ್ಲಿ ಟ್ರಸ್ಟಿನ ಆಸ್ತಿ ಕೊಡುವುದು, ಟ್ರಸ್ಟಿನ ಲಾಭವನ್ನು ಒಳಗಿನವರಿಗೆ ಹರಿಸಿದಂತೆ ಎಂದು ತೆರಿಗೆ ಕಾನೂನು ಎಣಿಸುತ್ತದೆ. ಅದರಿಂದ ವಿನಾಯಿತಿಗೆ ಧಕ್ಕೆ ಬರುತ್ತದೆ. ವ್ಯಕ್ತಿಯ ಹೆಸರೆತ್ತಿ ಮಾತನಾಡಿದರೆ ಮನಸ್ಸು ಕೆಡುತ್ತದೆ, ಆದ್ದರಿಂದ ಮೂರೂ ಮಳಿಗೆಗಳ ಬಾಡಿಗೆಯನ್ನು ಒಟ್ಟಿಗೆ ಪರಿಷ್ಕರಿಸುವ ಠರಾವನ್ನು ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಇಡಿ. ಅಕ್ಕಪಕ್ಕದ ಖಾಸಗಿ ಮಳಿಗೆಗಳ ಬಾಡಿಗೆಯನ್ನು ವಿಚಾರಿಸಿ ಬರೆದುಕೊಂಡು ಹೋಗಿ, ಪ್ರತಿಯೊಂದಕ್ಕೂ ಅವಧಿ ನಮೂದಿಸಿದ ಕರಾರುಪತ್ರ ಮಾಡಿಸಿ. ಸಭೆಗೆ ಮೊದಲು ಕಾರ್ಯದರ್ಶಿಯವರನ್ನು ಮನೆಗೇ ಹೋಗಿ ಕಂಡು ತಿಳಿಸಿರಿ, ಹತ್ತು ಜನರ ಎದುರು ಮೊದಲ ಸಲ ಕೇಳುವಂತೆ ಮಾಡಬೇಡಿ.

ಪ್ರಶ್ನೆ: ನಾವು ಹದಿನೈದು ಜನ ಗೆಳೆಯರು ಊರಿನಲ್ಲಿ ವಾಚನಾಲಯ ಮತ್ತು ರಕ್ತದಾನದ ಕೆಲಸ ಮಾಡುತ್ತಿದ್ದೇವೆ. ನೋಂದಣಿ ಮಾಡಿಸಬೇಕು. ಟ್ರಸ್ಟ್ ಒಳ್ಳೆಯದೋ ಸಂಘ ಒಳ್ಳೆಯದೋ?
— ಗೋಕಾಕ

ಉತ್ತರ: ಎಲ್ಲರೂ ಸದಸ್ಯರಾಗಿ, ಕಾಲಕಾಲಕ್ಕೆ ಚುನಾವಣೆ ಮಾಡಿ ಪದಾಧಿಕಾರಿಗಳನ್ನು ಬದಲಿಸುವ ಮನಸ್ಸಿದ್ದರೆ ಸಂಘವೇ ಸರಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಕನಿಷ್ಠ 7 ಜನ ಬೇಕು, ಪ್ರತಿವರ್ಷ ಸರ್ವಸಾಧಾರಣ ಸಭೆ ನಡೆಸಬೇಕು, ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಒಂದು ಆಸ್ತಿಯನ್ನೋ ನಿಧಿಯನ್ನೋ ಬದಲಾಗದ ಉದ್ದೇಶಕ್ಕೆ ಕಟ್ಟಿಹಾಕಬೇಕಾದಾಗ ಟ್ರಸ್ಟು ಹೆಚ್ಚು ಅನುಕೂಲ. ಹದಿನೈದು ಜನ ಸಮಾನರಾಗಿ ದುಡಿಯುತ್ತಿರುವ ನಿಮಗೆ ನಾನು ಸಂಘವನ್ನೇ ಹೇಳುತ್ತೇನೆ. ಬೆಳಗಾವಿಯಲ್ಲಿ 1916ರಲ್ಲಿ ಏಳು ಜನ ತರುಣ ಶಿಕ್ಷಕರು ಕೂಡಿ ಆರಂಭಿಸಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯೂ, ವಿಜಯಪುರದಲ್ಲಿ ಫ. ಗು. ಹಳಕಟ್ಟಿಯವರು 1910ರಲ್ಲಿ ಕಟ್ಟಿದ ಶಿಕ್ಷಣ ಸಂಸ್ಥೆಯೂ ಹೀಗೆ ಕೈಜೋಡಿಸಿದವರ ಕೂಟವಾಗಿಯೇ ಬೆಳೆದವು.

ಪ್ರಶ್ನೆ: ದೇಣಿಗೆ ಕೊಟ್ಟವರು ಆದಾಯ ತೆರಿಗೆಯ ರಿಯಾಯಿತಿಗೆಂದು 80ಜಿ ಪಾವತಿ (ರಸೀದಿ) ಕೇಳುತ್ತಾರೆ. ಜಾತ್ರೆಯಲ್ಲಿ ಇಡುವ ಡಬ್ಬಿಯಲ್ಲಿ ಬೀಳುವ ಹಣಕ್ಕೆ ಏನು ಮಾಡಬೇಕು?
— ಇಳಕಲ್

ಉತ್ತರ: ತೆರಿಗೆ ಇಲಾಖೆಯಲ್ಲಿ ನಿಮ್ಮ ಟ್ರಸ್ಟು ಅದಕ್ಕಾಗಿ ಬೇರೆಯೇ ಅನುಮೋದನೆ ಪಡೆದಿದ್ದರೆ ಮಾತ್ರ ಆ ಪಾವತಿ ಕೊಡಬಹುದು. ಒಂದೇ ಧರ್ಮದ ಅಥವಾ ಒಂದೇ ಜಾತಿಯ ಜನರ ಹಿತಕ್ಕೆಂದೇ ಇರುವ ಟ್ರಸ್ಟಿಗೆ ಆ ಅನುಮೋದನೆ ಸಿಗುವುದಿಲ್ಲ, ಆದ್ದರಿಂದ ಮೊದಲು ನಿಮ್ಮ ಡೀಡಿನ ಉದ್ದೇಶಗಳನ್ನು ನೋಡಿ. 2,000 ರೂಪಾಯಿಗಿಂತ ಹೆಚ್ಚು ರೋಖು ಕೊಟ್ಟವರಿಗೆ ರಿಯಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೂ ಇಲ್ಲ. ಇದನ್ನು ಹಣ ಪಡೆಯುವಾಗಲೇ ಹೇಳಿಬಿಡಿ. ಡಬ್ಬಿಗೆ ಎರಡು ಬೀಗ ಹಾಕಿ, ಎರಡು ಕೀಲಿ ಇಬ್ಬರಲ್ಲಿ ಇರಲಿ, ಜಾತ್ರೆ ಮುಗಿದ ರಾತ್ರಿಯೇ ಮೂವರ ಎದುರು ಎಣಿಸಿ, ನೋಟು ನಾಣ್ಯಗಳ ವಿವರ ಬರೆದು ಮೂವರೂ ಸಹಿ ಹಾಕಿ, ಮರುದಿನ ಪೂರ್ತಿಯಾಗಿ ಬ್ಯಾಂಕಿಗೆ ಕಟ್ಟಿ. ಅದರಲ್ಲಿಯೇ ಪೆಂಡಾಲಿನವರಿಗೆ ಕೊಟ್ಟು ಉಳಿದದ್ದನ್ನು ಕಟ್ಟುವ ರೂಢಿ ಬೇಡ. ಹೆಸರು ವಿಳಾಸವಿಲ್ಲದ ದೇಣಿಗೆ ಕಾನೂನಿನ ಮಿತಿ ಮೀರಿದರೆ ಧರ್ಮಾರ್ಥ ಟ್ರಸ್ಟು ಅದರ ಮೇಲೆ 30 ಪ್ರತಿಶತ ತೆರಿಗೆ ಕಟ್ಟಬೇಕಾಗುತ್ತದೆ, ಆದ್ದರಿಂದ ದೊಡ್ಡ ಮೊತ್ತ ಕೊಡುವವರಿಗೆ ಹೆಸರು ಬರೆಯಿಸಲು ವಿನಂತಿಸಿ.

ಪ್ರಶ್ನೆ: ನನಗೆ ಮೂವತ್ತೊಂದು ವರ್ಷ. ನಮ್ಮ ಊರಿನ ಟ್ರಸ್ಟಿನಲ್ಲಿ ಎಲ್ಲರಿಗಿಂತ ಕಿರಿಯ ವಿಶ್ವಸ್ತ ನಾನೇ. ಕಳೆದ ಸಭೆಯಲ್ಲಿ ಎರಡು ವರ್ಷದಿಂದ ಆಡಿಟ್ ಏಕೆ ಆಗಿಲ್ಲ ಎಂದು ಕೇಳಿದೆ. "ನಿಮ್ಮಪ್ಪ ಇದ್ದಾಗ ಒಂದ್ ದಿನಾನೂ ಹಿಂಗ ಕೇಳಲಿಲ್ಲೋ ತಮ್ಮಾ" ಎಂದು ಹಿರಿಯರು ನೊಂದುಕೊಂಡರು. ನಡಾವಳಿಯಲ್ಲಿ ನನ್ನ ಪ್ರಶ್ನೆಯನ್ನೇ ಬರೆಯಲಿಲ್ಲ. ಎಲ್ಲರೂ ಮನೆಗೆ ಬಂದುಹೋಗುವವರು, ನನ್ನ ಮದುವೆಯಲ್ಲಿ ಓಡಾಡಿದವರು. ರಾಜೀನಾಮೆ ಕೊಟ್ಟು ಹೊರಗೆ ಬರುವುದೇ ಒಳ್ಳೆಯದೇ?
— ಸಿಂದಗಿ

ಉತ್ತರ: ನಿಮ್ಮ ಪತ್ರವನ್ನು ಎರಡು ಮೂರು ಸಲ ಓದಿದೆ. ಈ ಸಂಕಟ ನಮ್ಮ ಸಣ್ಣ ಊರುಗಳದ್ದೇ. ಪೇಟೆಯ ದೊಡ್ಡ ಸಂಸ್ಥೆಯಲ್ಲಿ ಲೆಕ್ಕ ಕೇಳುವವನು ಸಂಜೆ ತನ್ನ ಮನೆಗೆ ಹೋಗುತ್ತಾನೆ. ಇಲ್ಲಿ ಲೆಕ್ಕ ಕೇಳಿದವನು ಮರುದಿನ ಅದೇ ಹಿರಿಯರ ಮಗಳ ಸೀಮಂತಕ್ಕೆ ಹೋಗಬೇಕು.

ನೀವು ತಪ್ಪು ಮಾಡಿಲ್ಲ. ಹಿರಿಯರೂ ಕಳ್ಳರೆಂದು ನಾನು ಭಾವಿಸುವುದಿಲ್ಲ. ಅವರ ಕಾಲದಲ್ಲಿ ಕೈ ಹಿಡಿದು ಹೇಳಿದ ಮಾತೇ ಲೆಕ್ಕವಾಗಿತ್ತು, ಕೊಟ್ಟವನೂ ಪಡೆದವನೂ ಎದುರೆದುರು ಇದ್ದರು. ಇಂದು ನಿಮ್ಮ ಟ್ರಸ್ಟಿಗೆ ಬೆಂಗಳೂರಿನಲ್ಲೋ ಪುಣೆಯಲ್ಲೋ ಕೆಲಸಕ್ಕಿರುವ ಊರಿನ ಮಕ್ಕಳು ಮೊಬೈಲಿನಿಂದ ಹಣ ಕಳಿಸುತ್ತಾರೆ, ಅವರು ಸಭೆಗೆ ಬರಲಾರರು, ಹಿರಿಯರ ಮುಖ ನೋಡಿ ನಂಬಲಾರರು. ಅವರಿಗೆ ಕಾಣುವುದು ಲೆಕ್ಕದ ಹಾಳೆಯೊಂದೇ. ಟ್ರಸ್ಟಿನ ಆದಾಯವು ಕಾಯ್ದೆಯ ಮಿತಿ ಮೀರಿದ್ದರೆ ವಿನಾಯಿತಿ ಉಳಿಯಲು ಆಡಿಟ್ ವರದಿಯನ್ನು ಹೊತ್ತಿಗೆ ಸರಿಯಾಗಿ ಸಲ್ಲಿಸಲೇಬೇಕು, ವರ್ಷದ ಆದಾಯದ 85 ಪ್ರತಿಶತವನ್ನು ಉದ್ದೇಶಕ್ಕೆ ಖರ್ಚು ಮಾಡಿದ್ದನ್ನು ತೋರಿಸಬೇಕು, ಇಲ್ಲವೇ ನಿಯಮದ ಪ್ರಕಾರ ಕಾದಿಟ್ಟದ್ದನ್ನು ತೋರಿಸಬೇಕು. 2021ರಿಂದ ಈಚೆಗೆ ತೆರಿಗೆ ನೋಂದಣಿಗೂ ಅವಧಿ ಬಂದಿದೆ, ಅದು ಮುಗಿಯುವ ಮೊದಲು ನವೀಕರಣಕ್ಕೆ ಅರ್ಜಿ ಹಾಕಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಕಟ್ಟಬೇಕಾದ ತೆರಿಗೆ ಬಡವರ ಹಣದಿಂದ ಹೋಗುತ್ತದೆ. ಹಿರಿಯರಿಗೆ ಇದನ್ನು ಸಭೆಯಲ್ಲಿ ಅಲ್ಲ, ಅವರ ಮನೆಯ ಕಟ್ಟೆಯ ಮೇಲೆ ಕೂತು ಹೇಳಿ. "ಕಾಕಾ, ನಿಮ್ಮ ಮ್ಯಾಲೆ ಸಂಶಯ ಇಲ್ಲ, ನಾಳೆ ಯಾರೂ ನಿಮ್ಮ ಹೆಸರಿಗೆ ಬೆರಳು ತೋರಿಸಬಾರದು ಅಂತ ಕೇಳಿದೆ" ಎಂದರೆ ಅದು ಸುಳ್ಳಲ್ಲ. ಜೊತೆಗೆ, ಎರಡು ವರ್ಷದ ವೋಚರುಗಳನ್ನು ಜೋಡಿಸಿ ಕೊಡುವ ಕೆಲಸವನ್ನು ನಾನೇ ಮಾಡುತ್ತೇನೆ ಎಂದು ಕೇಳಿಕೊಳ್ಳಿ. ಎಷ್ಟೋ ಊರುಗಳಲ್ಲಿ ಆಡಿಟ್ ನಿಂತಿರುವುದು ಹಣ ತಿಂದದ್ದರಿಂದಲ್ಲ, ಗೋಣಿಚೀಲದಲ್ಲಿ ತುಂಬಿಟ್ಟ ಬಿಲ್ಲುಗಳನ್ನು ಬಿಡಿಸಲು ಯಾರಿಗೂ ಕಣ್ಣಿನಲ್ಲಿ ಶಕ್ತಿ ಇಲ್ಲದ್ದರಿಂದ.

ಅಷ್ಟಾಗಿಯೂ ಒಪ್ಪದಿದ್ದರೆ ಮುಂದಿನ ಸಭೆಗೆ ಕನಿಷ್ಠ ಒಂದು ವಾರ ಮೊದಲು ಕಾರ್ಯದರ್ಶಿಯವರಿಗೆ ಬರಹದಲ್ಲಿ ವಿಷಯ ಸೂಚನೆ ಕೊಟ್ಟು ಸ್ವೀಕೃತಿ ಪಡೆಯಿರಿ. ಸಭೆ ಆರಂಭವಾದಾಗ ಹಿಂದಿನ ನಡಾವಳಿಯನ್ನು ಓದಿ ದೃಢೀಕರಿಸುವ ಹೊತ್ತಿನಲ್ಲಿ ನಿಮ್ಮ ಪ್ರಶ್ನೆ ಬಿಟ್ಟುಹೋಗಿದೆಯೆಂದು ಹೇಳಿ, ಅದನ್ನು ಸೇರಿಸಿದ ಮೇಲೆಯೇ ಸಹಿ ಹಾಕಿ. ಸೇರಿಸದಿದ್ದರೆ ನಿಮ್ಮ ಸಹಿಯ ಪಕ್ಕದಲ್ಲಿ "ಆಡಿಟ್ ಕುರಿತ ನನ್ನ ಪ್ರಶ್ನೆ ದಾಖಲಾಗಿಲ್ಲ" ಎಂಬ ಒಂದು ಸಾಲನ್ನು ತಾರೀಖಿನೊಂದಿಗೆ ಬರೆಯಿರಿ. ನಡಾವಳಿ ಪುಸ್ತಕದಲ್ಲಿ ಸಾಲುಗಳ ನಡುವೆ ಖಾಲಿ ಜಾಗ ಉಳಿದಿದ್ದರೆ ಅಲ್ಲಿಗೆ ಗೆರೆ ಎಳೆಯಲು ಹೇಳಿ. ಸಹಿಯಾದ ಮೇಲೆ ನಡುವೆ ತುರುಕಿದ ಒಂದು ಠರಾವನ್ನು, ಬೇರೆ ಶಾಯಿಯ ಬಣ್ಣದಿಂದ ಗುರುತಿಸಿದ ದಿನ ನನಗೆ ನೆನಪಿದೆ.

ರಾಜೀನಾಮೆ ಕೊನೆಯ ಮಾತು. ತಪ್ಪು ಕಂಡ ಮೇಲೆ ಸುಮ್ಮನೆ ಹೊರನಡೆದರೆ, ನೀವು ಒಳಗಿದ್ದ ಎರಡು ವರ್ಷದ ಹೊಣೆ ನಿಮ್ಮ ಜೊತೆಗೇ ಬರುತ್ತದೆ. ಹಣ ದುರುಪಯೋಗವಾದದ್ದು ಖಚಿತವಾದರೆ, ಆ ಟ್ರಸ್ಟಿನಲ್ಲಿ ಹಿತಾಸಕ್ತಿಯುಳ್ಳ ಇಬ್ಬರು ಅಥವಾ ಹೆಚ್ಚು ಜನ, ನ್ಯಾಯಾಲಯದ ಅನುಮತಿ ಪಡೆದು ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನ ಕೆಳಗೆ ದಾವೆ ಹೂಡಿ ಲೆಕ್ಕ ಕೇಳಬಹುದು, ವಿಶ್ವಸ್ತರನ್ನು ಬದಲಿಸಲೂ ಕೋರಬಹುದು. ಅಲ್ಲಿಯ ತನಕ ಹೋಗಬೇಕಾಗುವುದಿಲ್ಲವೆಂದು ನನ್ನ ಮನಸ್ಸು ಹೇಳುತ್ತದೆ. ಬಿಟ್ಟು ಹೋಗಲೇಬೇಕಾದರೆ, ಡೀಡಿನಲ್ಲಿ ಹೇಳಿದ ರೀತಿಯಲ್ಲಿ ಲಿಖಿತವಾಗಿ ಕಾರಣ ಕೊಟ್ಟು ಹೋಗಿ. ಬ್ಯಾಂಕಿನ ಸಹಿದಾರರ ಪಟ್ಟಿಯಿಂದಲೂ ತೆರಿಗೆ ಇಲಾಖೆಯ ದಾಖಲೆಯಿಂದಲೂ ನಿಮ್ಮ ಹೆಸರು ತೆಗೆಸಿ, ಕೀಲಿ ಮತ್ತು ಪುಸ್ತಕಗಳನ್ನು ಒಪ್ಪಿಸಿದ್ದಕ್ಕೆ ಪಟ್ಟಿ ಮಾಡಿ ಇಬ್ಬರ ಸಹಿ ಪಡೆಯಿರಿ. ಆದರೆ ಅದಕ್ಕೆ ಮೊದಲು ಈ ಭಾನುವಾರ ಆ ಗೋಣಿಚೀಲವನ್ನು ಕೇಳಿ ತಂದು, ತಿಂಗಳು ತಿಂಗಳಾಗಿ ಬಿಲ್ಲುಗಳನ್ನು ಬೇರ್ಪಡಿಸಲು ಕೂತು ನೋಡಿ. ಸಾಧ್ಯವಾದರೆ ಹಿರಿಯರ ಮನೆಯ ಪಡಸಾಲೆಯಲ್ಲಿಯೇ ಕೂತುಕೊಳ್ಳಿ.